ಅಮಾತೆಪ್ಪನವರ ಲಗ್ನದ ತಾರೀಖು

ಇಳಕಲ್ಲಿನಲ್ಲಿ ಪೋಸ್ಟ್ ಮಾಸ್ತರರಾಗಿ ನಿವೃತ್ತರಾದ ಅಮಾತೆಪ್ಪನವರಿಗೆ ಒಂದು ವಿಷಯದಲ್ಲಿ ಮಾತ್ರ ತಮ್ಮನ್ನು ಯಾರೂ ಮೀರಿಸಲಾರರೆಂಬ ನಂಬಿಕೆಯಿತ್ತು. ಅದು ತಾರೀಖು. ದಿನಾ ಬೆಳಿಗ್ಗೆ ಮೊಹರಿನ ತಾರೀಖು ತಿರುಗಿಸಿ, ಅದನ್ನು ಊರ ಕಾಗದಗಳ ಮೇಲೆಲ್ಲ ಗುದ್ದುತ್ತಲೇ ಅವರ ನೌಕರಿ ಕಳೆದಿತ್ತು. ಬೇರೆಯವರು ಎದ್ದ ಕೂಡಲೇ ದೇವರ ಹೆಸರು ಹೇಳಿದರೆ ಇವರು ಅವತ್ತಿನ ತಾರೀಖು ಹೇಳುತ್ತಿದ್ದರು. ಇಷ್ಟಿದ್ದೂ ಮೊಮ್ಮಕ್ಕಳ ಹುಟ್ಟುಹಬ್ಬ, ಕರೆಂಟ್ ಬಿಲ್ಲಿನ ಕೊನೆಯ ದಿನ, ಹೆಂಡತಿಯನ್ನು ಕಣ್ಣಿನ ದವಾಖಾನೆಗೆ ಕರೆದೊಯ್ಯಬೇಕಾದ ದಿನ, ಇವು ಯಾವುವೂ ಅವರ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ತಾರೀಖು ತಿಳಿದಿರುವುದು ಒಂದು ಇಲಾಖೆ, ಆ ತಾರೀಖಿಗೆ ಏನು ಮಾಡಬೇಕೆಂಬುದು ಇನ್ನೊಂದು ಇಲಾಖೆ ಎಂದು ಅವರು ತಿಳಿದಿದ್ದರು.

ಈ ವರ್ಷದ ಏಪ್ರಿಲ್ ತಿಂಗಳಲ್ಲಿ ಎದುರು ಮನೆಯ ಶೀಲಾ ತಮ್ಮ ಮದುವೆಗೆ ಇಪ್ಪತ್ತೈದು ವರ್ಷ ತುಂಬಿತೆಂದು ಕೇಕ್ ತರಿಸಿ ಓಣಿಯವರನ್ನೆಲ್ಲ ಕರೆದಿದ್ದರು. ಕೇಕ್ ಕತ್ತರಿಸಿಯಾಯಿತು, ಫೋಟೋ ತೆಗೆದಾಯಿತು. ಶೀಲಾ ತುಂಡೊಂದನ್ನು ತಂದು ಅಮಾತೆಪ್ಪನವರ ಹೆಂಡತಿ ಸಿದ್ದವ್ವನ ಕೈಗೆ ಕೊಟ್ಟು, ನಿಮ್ಮ ಲಗ್ನ ಯಾವಾಗ ಆಗಿತ್ತರಿ ಅಮ್ಮಾರ ಎಂದು ಅಕ್ಕರೆಯಿಂದ ಕೇಳಿದರು. ಸಿದ್ದವ್ವ ಬಾಯಲ್ಲಿದ್ದುದನ್ನು ನುಂಗಿ ಉತ್ತರ ಕೊಡುವಷ್ಟರಲ್ಲಿ ಎಲ್ಲರ ಕಣ್ಣು ಅಮಾತೆಪ್ಪನವರ ಕಡೆಗೆ ತಿರುಗಿತ್ತು. ತಾರೀಖಿನ ಪ್ರಶ್ನೆ ಅಲ್ಲವೇ.

ಅಮಾತೆಪ್ಪನವರಿಗೆ ತಮ್ಮ ಲಗ್ನದ ಬಗ್ಗೆ ನೆನಪಿದ್ದುದು ಎರಡೇ. ಬಿಸಿಲು ಜೋರಾಗಿತ್ತು, ಮತ್ತು ಅಂದು ಸೋಮವಾರ. ಆದರೆ ಇಷ್ಟು ಜನರೆದುರು ಮಾಜಿ ಪೋಸ್ಟ್ ಮಾಸ್ತರನೊಬ್ಬ ಬಿಸಿಲಿತ್ತು ಎಂದು ಹೇಳಿ ಕೂರುವುದು ಹೇಗೆ? ಶೀಲಾರ ಹಿಂದಿನ ಗೋಡೆಯ ಮೇಲೆ ಈ ವರ್ಷದ ಕ್ಯಾಲೆಂಡರ್ ತೂಗುತ್ತಿತ್ತು. ಫ್ಯಾನಿನ ಗಾಳಿಗೆ ಅದರ ಹಾಳೆ ಎದ್ದು ಮೇ ತಿಂಗಳು ಕಂಡಿತು. ಅಮಾವಾಸ್ಯೆಯಿಂದ ದೂರವಿದ್ದ ಒಂದು ಸೋಮವಾರವನ್ನು ಅವರು ಆರಿಸಿಕೊಂಡರು. ಐವತ್ತು ಎಂಬುದು ತುಂಬಿದ ಸಂಖ್ಯೆಯಾದ್ದರಿಂದ ಈ ವರ್ಷದಲ್ಲಿ ಐವತ್ತು ಕಳೆದರು.

“ಹತ್ತೊಂಬತ್ತನೇ ಮೇ, ಹತ್ತೊಂಬತ್ತನೂರಾ ಎಪ್ಪತ್ತೈದು. ಸೋಮವಾರ,” ಎಂದು ಸಾವಕಾಶವಾಗಿ ಹೇಳಿದರು.

ಶೀಲಾರ ಮಗಳು ಫೋನಿನಲ್ಲಿ ನೋಡಿದಳು. ಎಪ್ಪತ್ತೈದರ ಮೇ ಹತ್ತೊಂಬತ್ತು ನಿಜಕ್ಕೂ ಸೋಮವಾರವೇ ಆಗಿತ್ತು. ಎಪ್ಪತ್ತೈದರ ಕ್ಯಾಲೆಂಡರೂ ಈ ವರ್ಷದ ಕ್ಯಾಲೆಂಡರೂ ವಾರಕ್ಕೆ ವಾರ, ತಾರೀಖಿಗೆ ತಾರೀಖು ಒಂದೇ ಎಂಬುದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಅಮಾತೆಪ್ಪನವರಿಗಂತೂ ಇರಲೇ ಇಲ್ಲ. ಫೋನೇ ಒಪ್ಪಿದ ಮೇಲೆ ಮನುಷ್ಯರು ಒಪ್ಪದಿರುವುದುಂಟೇ? ಜನ ಚಪ್ಪಾಳೆ ತಟ್ಟಿದರು. ಎಪ್ಪತ್ತೈದರಾಗ? ಎಂದು ಸಿದ್ದವ್ವ ಸಣ್ಣ ದನಿಯಲ್ಲಿ ಕೇಳಿದ್ದು ಆ ಸಪ್ಪಳದಲ್ಲಿ ಯಾರಿಗೂ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅಮಾತೆಪ್ಪನವರು ಸ್ವತಃ ಅದನ್ನು ನಂಬಿದರು. ಫೋನು ಹೇಳಿದೆಯಲ್ಲ.

ಮರುದಿನದಿಂದ ಅವರ ಮನೆಯ ಕಟ್ಟೆಗೆ ಜನ ಬರತೊಡಗಿದರು. ಒಬ್ಬರಿಗೆ ಅಜ್ಜ ತೀರಿದ ತಾರೀಖು ಬೇಕು, ಇನ್ನೊಬ್ಬರಿಗೆ ಮನೆಯ ಪಾಯ ಹಾಕಿದ ತಾರೀಖು. ಅಮಾತೆಪ್ಪನವರು ಕಣ್ಣು ಅರೆ ಮುಚ್ಚಿ, ಬೆರಳ ಗೆಣ್ಣು ಮುಟ್ಟಿ ಎಣಿಸಿ, ಆ ವರ್ಷ ಮಳೆ ಹೇಗಿತ್ತು, ಜೋಳದ ತೆನೆ ಯಾವ ಹದಕ್ಕೆ ಬಂದಿತ್ತು ಎಂದೆಲ್ಲ ವಿಚಾರಿಸಿ, ಒಂದು ತಾರೀಖು ಕೊಡುತ್ತಿದ್ದರು. ಈ ವಿದ್ಯೆಯಲ್ಲಿ ಅವರು ಬೇಗನೆ ಒಂದು ಸೂಕ್ಷ್ಮ ಕಂಡುಕೊಂಡರು. ತಾರೀಖನ್ನಷ್ಟೇ ತಾವು ಹೇಳಿ ವಾರವನ್ನು ಬಂದವರ ಬಾಯಿಂದಲೇ ಹೇಳಿಸಿದರೆ ತಪ್ಪುವ ಪ್ರಮೇಯವೇ ಇರುವುದಿಲ್ಲ. ಪಕ್ಕದ ಮನೆಯ ದಸ್ತಗೀರಸಾಬರು ಮಾತ್ರ ದೂರ ಕುಳಿತು ನಗುತ್ತಿದ್ದರು. ಪಟ್ಟದಕಲ್ಲಿನಲ್ಲಿ ಒಂದೇ ಓಣಿಯಲ್ಲಿ ಆಡಿ ಬೆಳೆದವರು ಅವರಿಬ್ಬರು. ಒಬ್ಬರು ಟಪಾಲು ಹಿಡಿದು, ಇನ್ನೊಬ್ಬರು ಸೀರೆ ವ್ಯಾಪಾರ ಹಿಡಿದು ಇಳಕಲ್ಲು ಸೇರಿದ್ದರು.

ಸುದ್ದಿ ಬಾಗಲಕೋಟೆಗೆ ಮುಟ್ಟಿತು. ಅಲ್ಲಿ ನವನಗರದ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ಮಗಳು ದಾನೇಶ್ವರಿಗೆ ತನ್ನ ಅಪ್ಪ ಅವ್ವನ ಲಗ್ನಕ್ಕೆ ಐವತ್ತು ತುಂಬುತ್ತದೆಂದು ತಿಳಿದು ಹಿಗ್ಗೋ ಹಿಗ್ಗು. ಇಳಕಲ್ಲಿನಲ್ಲಿ ಹಾಲ್ ಹಿಡಿದಳು, ಬಂಗಾರದ ಬಣ್ಣದ ಅಕ್ಷರಗಳಲ್ಲಿ ಕಾರ್ಡು ಹೊಡೆಸಿದಳು. ಕಾರ್ಡಿನ ಮೇಲೆ ಲಗ್ನದ ತಾರೀಖು ಜೋಳದ ಕಾಳಿನಷ್ಟು ದಪ್ಪಗೆ ಅಚ್ಚಾಗಿತ್ತು. ಬಾದಾಮಿ, ಹುನಗುಂದ, ಶಿರೂರು ಎಂದು ನೆಂಟರಿದ್ದ ಕಡೆಗೆಲ್ಲ ಕಾರ್ಡು ಹೋಯಿತು. ಬೀಗತಿ ಜಯಶ್ರೀಯವರಿಗೂ ಒಂದು ಸಿಕ್ಕಿತು. ಅವರೇ ದಾನೇಶ್ವರಿಯ ಅತ್ತೆ, ಅದೇ ಮನೆಯಲ್ಲಿ ಇರುವವರು.

ಜಯಶ್ರೀ ಒಳ್ಳೆಯ ಮನಸ್ಸಿನವರು. ಖರ್ಚಿನಲ್ಲಿ ಮಾತ್ರ ಬಿಗಿ. ಕಾರ್ಡು ಓದಿದ ಕೂಡಲೇ ಅವರಿಗೊಂದು ಸದುಪಾಯ ಹೊಳೆಯಿತು. ಬೀಗರಿಗೆ ಫೋನ್ ಮಾಡಿದರು. ಅಮಾತೆಪ್ಪನವರು ಫೋನನ್ನು ಯಾವಾಗಲೂ ಸ್ಪೀಕರಿಗೆ ಹಾಕಿ ಮೊಣಕಾಲ ಮೇಲಿಟ್ಟು ಮಾತಾಡುವವರು. ಸಿದ್ದವ್ವ ಎದುರಿಗೇ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

“ಬೀಗರ, ಒಂದು ವಿಚಾರ ಬಂತರಿ. ನಮ್ಮ ದಾನೇಶ್ವರಿಗೂ ಈ ವರ್ಷನ ಐವತ್ತು ತುಂಬತಾವ. ನಿಮ್ಮ ಲಗ್ನ ಎಪ್ಪತ್ತೈದರ ಮೇ ಹತ್ತೊಂಬತ್ತು. ಆಕಿ ಹುಟ್ಟಿದ್ದು ಎಪ್ಪತ್ತೈದರ ಜೂನ್ ಒಂದು. ಎರಡೂ ಹತ್ತಿರ ಹತ್ತಿರನ ಅದಾವ, ಒಂದ ಊಟದಾಗ ಮುಗಿಸಿಬಿಡೂಣು…”

ಮಾತು ಮುಗಿಯುವ ಹೊತ್ತಿಗೆ ಜಯಶ್ರೀಯವರ ದನಿ ನಿಧಾನವಾಯಿತು. ಆಮೇಲೆ ನಿಂತೇ ಹೋಯಿತು. ಸಿದ್ದವ್ವನ ಕೈಯಲ್ಲಿದ್ದ ಬೆಳ್ಳುಳ್ಳಿಯೂ ನಿಂತಿತು. ಫೋನಿನ ಆ ಕಡೆಯಿಂದ, ಒಲೆಯ ಮೇಲೆ ಹಾಲಿಟ್ಟೇನಿ, ಆಮೇಲೆ ಮಾತಾಡತೇನಿ ಎಂಬ ಮಾತು ಬಂದು ಲೈನು ಕಟ್ಟಾಯಿತು. ಅದು ಹಾಲು ಕಾಯಿಸುವ ಹೊತ್ತೇ ಅಲ್ಲ ಎಂಬುದು ಮೂವರಿಗೂ ಗೊತ್ತಿತ್ತು.

ಅಮಾತೆಪ್ಪನವರು ಗೆಣ್ಣು ಮುಟ್ಟಿ ಎಣಿಸಲು ಶುರುಮಾಡಿದರು. ಸಿದ್ದವ್ವನಿಗೆ ಎಣಿಕೆಯ ಅಗತ್ಯ ಬೀಳಲಿಲ್ಲ.

“ಲಗ್ನಾಗಿ ಹದಿನೈದು ದಿನಾ ತುಂಬೂದ್ರಾಗ ಹಡದೆ ಅಂತ ಊರಿಗೆಲ್ಲ ಕಾರ್ಡ್ ಹಂಚೀರಿ. ಅದೂ ಬಂಗಾರದ ಅಕ್ಷರದಾಗ,” ಎಂದಳು. ಇಷ್ಟು ಹೇಳಿ ಬೆಳ್ಳುಳ್ಳಿಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಗಂಡನೊಡನೆ ಮಾತು ಅಂದಿನಿಂದಲೇ ನಿಂತಿತು.

ಜೂನ್ ಒಂದು ಎಂಬುದು ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ಬರೆದುಕೊಂಡ ಸಾಲಿಯ ತಾರೀಖು, ಖರೆ ತಾರೀಖಲ್ಲ ಎಂಬುದು ನಮ್ಮ ಕಡೆ ಎಲ್ಲರಿಗೂ ತಿಳಿದ ಮಾತು. ಆದರೆ ಅಚ್ಚಾದ ಅಕ್ಷರಕ್ಕೆ ಬೇರೆಯೇ ಬಲವಿರುತ್ತದೆ. ಎರಡು ದಿನಗಳಲ್ಲಿ ನೆಂಟರ ಫೋನುಗಳು ಬರತೊಡಗಿದವು. ಯಾರೂ ಜರಿಯಲಿಲ್ಲ, ಎಲ್ಲರೂ ಸಮಾಧಾನವನ್ನೇ ಹೇಳಿದರು. ಸಿದ್ದವ್ವನ ಹೊಟ್ಟೆ ಉರಿದದ್ದು ಅದಕ್ಕೇ. ಹುನಗುಂದದ ಚಿಕ್ಕಮ್ಮನ ಮಗಳೊಬ್ಬಳಂತೂ, ಆ ಕಾಲದಲ್ಲೂ ಇಂಥವು ನಡೆಯುತ್ತಿದ್ದವು ಬಿಡಕ್ಕ, ಒಳ್ಳೆಯ ಸಂಸಾರ ಮಾಡಿದಿರಲ್ಲ, ಅಷ್ಟು ಸಾಕು ಎಂದು ದೊಡ್ಡ ಮನಸ್ಸಿನಿಂದ ಕ್ಷಮಿಸಿಬಿಟ್ಟಳು. ಬನಶಂಕರಿಯಿಂದ ಒಬ್ಬ ಸೋದರಮಾವ, ತನಗೆ ಆಗಲೇ ಸಂಶಯವಿತ್ತು ಎಂದರು. ಅವರು ಆ ಲಗ್ನಕ್ಕೆ ಬಂದೇ ಇರಲಿಲ್ಲ.

ಮನೆಯಲ್ಲಿ ಸಿದ್ದವ್ವ ಬಾಗಿಲ ಚೌಕಟ್ಟಿನೊಡನೆ ಮಾತಾಡತೊಡಗಿದಳು. ಊಟದ ಹೊತ್ತಿಗೆ ಚೌಕಟ್ಟಿನ ಕಡೆ ನೋಡಿ, ಉಣ್ಣೂದಾದ್ರ ಬರಬಹುದು ಎನ್ನುವಳು. ಅಮಾತೆಪ್ಪನವರು ಬಂದು ಉಣ್ಣುವರು. ರೊಟ್ಟಿ ಮೊದಲಿನಷ್ಟೇ ತೆಳ್ಳಗೆ, ಪಲ್ಯ ಮೊದಲಿನಷ್ಟೇ ರುಚಿ. ಅಡುಗೆಯಲ್ಲಿ ಉಪ್ಪು ಹೆಚ್ಚಾಗಿದ್ದರೆ ಜಗಳಕ್ಕೆ ಒಂದು ದಾರಿಯಾದರೂ ಸಿಗುತ್ತಿತ್ತು. ಅದೂ ಇರಲಿಲ್ಲ.

ಮಗಳ ಹುಟ್ಟಿದ ತಾರೀಖನ್ನೇ ಸರಿಪಡಿಸಿದರೆ ಎಲ್ಲ ನೆಟ್ಟಗಾಗುತ್ತದೆಂದು ಅಮಾತೆಪ್ಪನವರು ಬಸ್ಸು ಹತ್ತಿ ಹುನಗುಂದಕ್ಕೆ ಹೋದರು. ದಾನೇಶ್ವರಿ ಒಂದನೇ ಇಯತ್ತೆಗೆ ಸೇರಿದ ಸಾಲಿ ಅಲ್ಲಿತ್ತು. ಈಗಿನ ಮುಖ್ಯ ಗುರುಮಾತೆ ಶಹರಬಾನು ಅಮಾತೆಪ್ಪನವರನ್ನು ಕೂರಿಸಿ ಚಹಾ ತರಿಸಿ ಎಲ್ಲವನ್ನೂ ಗಂಭೀರವಾಗಿ ಕೇಳಿಸಿಕೊಂಡರು. ಆ ಕಾಲಕ್ಕೆ ಈ ಸಾಲಿಗೆ ಬಂದ ಕೂಸುಗಳೆಲ್ಲ ಜೂನ್ ಒಂದಕ್ಕೇ ಹುಟ್ಟಿದವೆಂದೂ, ತಾವೂ ಅದೇ ದಿನ ಹುಟ್ಟಿದವರೆಂದೂ, ತಮ್ಮ ತಮ್ಮನೂ ಅದೇ ದಿನ ಹುಟ್ಟಿದವನೆಂದೂ ಹೇಳಿದರು. ನಿಮ್ಮ ಮಗಳ ತಾರೀಖು ಒಂದು ದಿನ ಮುಂದೆ ಸರಿದರೂ ಆಕೆಯ ನಿವೃತ್ತಿ ಮುಂದೆ ಹೋಗುತ್ತದೆ, ವಿಚಾರಣೆ ಬರುತ್ತದೆ, ನನ್ನ ಸಹಿ ಕೇಳುತ್ತಾರೆ ಎಂದರು. ಅಮಾತೆಪ್ಪನವರ ಮುಖ ಬಾಡಿದ್ದು ನೋಡಿ ಅವರಿಗೆ ಕನಿಕರವಾಯಿತು.

“ಹುಟ್ಟಿದ ತಾರೀಖು ಸರ್ಕಾರದ ಕೈಯಾಗ ಐತ್ರಿ ಸರ್. ಲಗ್ನದ ತಾರೀಖು ನಿಮ್ಮ ಕೈಯಾಗ ಐತಿ. ಅದನ್ನ ಒಂದೀಟು ಹಿಂದಕ ಸರಿಸಾಕ ಬರ್ತೈತೇನು, ನೋಡ್ರಿ.”

ಇದು ಅಮಾತೆಪ್ಪನವರಿಗೆ ನ್ಯಾಯವಾದ ಮಾತಾಗಿ ಕಂಡಿತು. ತಿರುಗಿ ಬರುವಾಗ ಬಸ್ಸಿನಲ್ಲಿ ಅವರು ತಮ್ಮ ಲಗ್ನವನ್ನು ಎಷ್ಟು ಹಿಂದಕ್ಕೆ ಸರಿಸಿದರೆ ಸಿದ್ದವ್ವನ ಮಾನಕ್ಕೆ ಕುಂದು ಬಾರದೆಂದು ಲೆಕ್ಕ ಹಾಕುತ್ತಾ ಕುಳಿತರು. ಮೂರು ವರ್ಷ ಇದ್ದರೆ ಯಾರೂ ಬಾಯಿ ಬಿಡುವಂತಿರುವುದಿಲ್ಲ.

ಮುಂದಿನ ಭಾನುವಾರ ದಾನೇಶ್ವರಿ ಬಾಗಲಕೋಟೆಯಿಂದ ಬಂದಳು. ಅವ್ವನ ಮಾತು ನಿಂತ ಸುದ್ದಿ ಆಕೆಗೆ ಮುಟ್ಟಿತ್ತು. ಅಪ್ಪ ಕ್ಯಾಲೆಂಡರ್ ನೋಡಿ ತಾರೀಖು ಹೇಳಿದ್ದನ್ನು ಆಕೆ ಐದೇ ನಿಮಿಷದಲ್ಲಿ ಬಾಯಿ ಬಿಡಿಸಿದಳು. ಆಮೇಲೆ ದಸ್ತಗೀರಸಾಬರನ್ನೂ ಅವರ ಹೆಂಡತಿ ಖೈರುನಬಿಯವರನ್ನೂ ಕರೆಸಿ ಪಡಸಾಲೆಯಲ್ಲಿ ಕೂರಿಸಿದಳು. ಲಗ್ನಕ್ಕೆ ಹೋದವರಲ್ಲಿ ಈ ಓಣಿಯಲ್ಲಿ ಉಳಿದಿದ್ದವರು ದಸ್ತಗೀರಸಾಬರೊಬ್ಬರೇ.

ಅಮಾತೆಪ್ಪನವರು ಎಪ್ಪತ್ತೆರಡು ಎಂದು ಘೋಷಿಸಿದರು. ಆ ವರ್ಷ ನೀನು ಮ್ಯಾಟ್ರಿಕ್ಕಿನಲ್ಲಿ ಡುಮ್ಕಿ ಹೊಡೆದು ಹೊಲದಲ್ಲಿ ಎಮ್ಮೆ ಕಾಯುತ್ತಿದ್ದೆ, ನಿನಗೆ ಯಾರು ಹೆಣ್ಣು ಕೊಡುತ್ತಿದ್ದರು ಎಂದು ದಸ್ತಗೀರಸಾಬರು ಮಗಳೆದುರೇ ಕೇಳಿದರು. ತಮ್ಮ ಅಣ್ಣ ಮನೆಗೆ ಹೊಸ ಸೈಕಲ್ ತಂದ ವರ್ಷವೇ ಆ ಲಗ್ನವಾಯಿತೆಂಬುದು ಅವರ ಲೆಕ್ಕ. ಸೈಕಲ್ ಬಂದಿದ್ದು ತಾನು ಸೊಸೆಯಾಗಿ ಬಂದ ವರ್ಷ, ಅಂದರೆ ಅದಕ್ಕೂ ಬಹಳ ಆಮೇಲೆ ಎಂದು ಖೈರುನಬಿ ತಕರಾರು ತೆಗೆದರು. ಅದು ಎರಡನೇ ಸೈಕಲ್ ಎಂದು ದಸ್ತಗೀರಸಾಬರು, ಆ ಮನೆಯಲ್ಲಿ ಎರಡನೇ ಸೈಕಲ್ ಇರಲೇ ಇಲ್ಲ ಎಂದು ಖೈರುನಬಿ. ಈಗ ಸರಿಪಡಿಸಬೇಕಾದ ಲಗ್ನಗಳು ಎರಡಾದವು. ದಾನೇಶ್ವರಿ ಇತಿಹಾಸದ ಪಾಠದಲ್ಲಿ ಇಂಥ ಕಷ್ಟವನ್ನು ಕಂಡಿರಲಿಲ್ಲ. ವರ್ಷ ಬಿಡ್ರಿ ಕಾಕಾ, ಅವತ್ತು ಏನೇನಾಯಿತು ಅದನ್ನು ಹೇಳಿರಿ ಎಂದಳು.

ಅಮಾತೆಪ್ಪನವರು ಗಂಟಲು ಸರಿಮಾಡಿಕೊಂಡರು. ಇದು ಅವರು ಹಲವು ಸಲ ಹೇಳಿದ ಕಥೆ. ನಸುಕಿನಲ್ಲಿ ಪಟ್ಟದಕಲ್ಲಿನಿಂದ ಎತ್ತಿನ ಚಕ್ಕಡಿ ಕಟ್ಟಿಕೊಂಡು ಬಾದಾಮಿ ಸ್ಟೇಶನ್ನಿಗೆ ಬಂದದ್ದು, ಅಲ್ಲಿಂದ ರೈಲಿನಲ್ಲಿ ಕಿಟಕಿಯ ಪಕ್ಕ ಕುಳಿತು, ಹೊಸ ಕೋಟು ತೊಟ್ಟು, ಬಾಗಲಕೋಟೆಯಲ್ಲಿ ಇಳಿದದ್ದು.

“ಯಾ ರೈಲಲೇ?” ಎಂದರು ದಸ್ತಗೀರಸಾಬರು. “ಲಾರ್‍ಯಾಗ ಹೋದ್ವಿ.”

ಅಮಾತೆಪ್ಪನವರು ರೈಲು ಎಂದರು. ದಸ್ತಗೀರಸಾಬರು ಲಾರಿ ಎಂದರು. ದನಿಗಳು ಏರಿದವು. ಆಗ ಅಡುಗೆ ಮನೆಯಿಂದ ಸಿದ್ದವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಇಷ್ಟು ದಿನ ಎಲ್ಲರೂ ಎಲ್ಲರನ್ನೂ ಕೇಳಿದ್ದರು. ಶೀಲಾ ಅವತ್ತು ಕೇಳಿದ್ದು ಬಿಟ್ಟರೆ, ಮದುಮಗಳಾಗಿದ್ದವಳನ್ನು ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

“ಅಣ್ಣಾರ, ನಿಮ್ಮ ಗೆಳೆಯಾಗ ಹೇಳ್ರಿ,” ಎಂದಳು, ಗಂಡನ ಕಡೆ ನೋಡದೆ. “ಅವತ್ತ ರೈಲು ಎಲ್ಲಿತ್ತು? ಇವರು ಬಂದಿದ್ದು ಸುಣ್ಣದ ಲಾರ್‍ಯಾಗ.”

ಬಾಗಲಕೋಟೆಯ ಹಳೇ ಊರಿನಲ್ಲಿ, ಹೊಳೆಗೆ ಹೋಗುವ ಇಳಿಜಾರಿನ ಓಣಿಯಲ್ಲಿ ಆಕೆಯ ತವರುಮನೆ ಇತ್ತು. ಓಣಿಗೆ ಅಡ್ಡಲಾಗಿ ಹಂದರ ಹಾಕಿದ್ದರು. ಮುಹೂರ್ತ ಬಂದು ಅಕ್ಕಿಕಾಳು ಹಾಕುವ ಹೊತ್ತು ಹತ್ತಿರವಾದರೂ ಬೀಗರ ಸುಳಿವಿಲ್ಲ. ಆಕೆಯ ಅಪ್ಪ ಬರಿಗಾಲಲ್ಲಿ ಮತ್ತೆ ಮತ್ತೆ ಓಣಿಯ ಬಾಯಿಗೆ ಹೋಗಿ ನೋಡಿ ಬರುತ್ತಿದ್ದರು. ಮಾಡಿದ ಅನ್ನ ಆರಿತ್ತು. ಒಳಗೆ ಕುಳಿತಿದ್ದ ಸಿದ್ದವ್ವನಿಗೆ ಹದಿನೆಂಟು ವರ್ಷ. ಎರಡು ದಿನದಿಂದ ತವರು ಬಿಡುವ ಸಂಕಟಕ್ಕೆ ಅತ್ತವಳು ಈಗ ವರನೇ ಬಾರದ ಭಯಕ್ಕೆ ಅಳತೊಡಗಿದ್ದಳು. ಅಷ್ಟರಲ್ಲಿ ಒಂದು ಲಾರಿ ಬಂದು ನಿಂತಿತು. ಬಾದಾಮಿಯಲ್ಲಿ ಸುಣ್ಣ ಇಳಿಸಿ ಖಾಲಿ ಬರುತ್ತಿದ್ದ ಲಾರಿ. ಅದರಿಂದ ಇಳಿದವರೆಲ್ಲ ತಲೆಯಿಂದ ಕಾಲಿನವರೆಗೆ ಬೆಳ್ಳಗೆ. ಹೆಂಗಸರ ಸೀರೆ ಯಾವ ಬಣ್ಣವೆಂದು ತಿಳಿಯುತ್ತಿರಲಿಲ್ಲ. ಎಲ್ಲರ ಮುಂದೆ ವರ, ಬಿಳಿ ಕೂದಲು, ಬಿಳಿ ಹುಬ್ಬು, ಬಿಳಿ ಮೀಸೆ.

“ಕಿಡಕ್ಯಾಗ ನೋಡಿ ನಮ್ಮ ದೊಡ್ಡವ್ವ ಎದಿ ಬಡಕೊಂಡ್ಲು. ಅಯ್ಯ ನನ ಮಗಳ, ನಿನ್ನ ಮುದುಕಗ ಕೊಟ್ಟಾರ ಅಂತ.”

ಖೈರುನಬಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಸಿದ್ದವ್ವ ಹೇಳುತ್ತಲೇ ಹೋದಳು. ಬಾವಿಯ ಕಟ್ಟೆಯ ಮೇಲೆ ವರನನ್ನು ನಿಲ್ಲಿಸಿ ನೀರು ಸುರಿಯತೊಡಗಿದರು. ಮೊದಲ ಕೊಡಕ್ಕೆ ಅರವತ್ತರ ಮುದುಕ ನಲವತ್ತಕ್ಕೆ ಇಳಿದ. ಇನ್ನೊಂದು ಕೊಡಕ್ಕೆ ಮೀಸೆ ಕಪ್ಪಾಯಿತು. ಮತ್ತೊಂದು ಕೊಡಕ್ಕೆ ಕೋಟು ತೊಟ್ಟ ಒಬ್ಬ ಹುಡುಗ ಗಡಗಡ ನಡುಗುತ್ತ ನಿಂತಿದ್ದ. ಕಿಟಕಿಯ ಸಂದಿಯಿಂದ ಅದನ್ನು ನೋಡಿ, ಅಳುತ್ತಿದ್ದ ನನಗೇ ನಗು ಬಂದು, ತಾಳಿ ಕಟ್ಟುವಾಗಲೂ ಅದು ನಿಲ್ಲದೆ, ಅಪ್ಪನ ಕೈಲಿ ಬೈಸಿಕೊಂಡೆ ಎಂದಳು. ಅವನ ಕಿವಿಯ ಸಂದಿಯಲ್ಲಿ ಆಗಲೂ ಒಂದಿಷ್ಟು ಸುಣ್ಣ ಉಳಿದಿತ್ತಂತೆ. ಆ ನಗು ಬಂದಿದ್ದಕ್ಕೇ ತವರು ಬಿಟ್ಟು ಬರುವುದು ಹಗುರಾಯಿತು ಎಂದಳು.

ಅಮಾತೆಪ್ಪನವರು ನೆಲ ನೋಡುತ್ತಿದ್ದರು. ಆ ಸುಣ್ಣವನ್ನು ಅವರು ತಮ್ಮ ಕಥೆಯಿಂದ ಎಂದೋ ತೊಳೆದು ಹಾಕಿದ್ದರು. ಇನ್ನೊಬ್ಬರು ಅದನ್ನೇ ಇಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡಿರಬಹುದೆಂದು ಅವರಿಗೆ ತೋಚಿರಲಿಲ್ಲ.

ಆದರೆ ರೈಲು ಯಾಕೆ ಇರಲಿಲ್ಲ ಎಂದು ದಾನೇಶ್ವರಿ ಕೇಳಿದಳು. ದೇಶದ ತುಂಬ ರೈಲಿನವರ ಮುಷ್ಕರ ನಡೆದಿತ್ತು ಎಂದರು ದಸ್ತಗೀರಸಾಬರು. ಬಂದ್ ಏನಿದ್ದರೂ ಮುಂಬೈ ಕಡೆಗೆ, ನಮ್ಮ ಸಣ್ಣ ಗಾಡಿಗಲ್ಲ, ಟಪಾಲಿನವನಿಗೆ ಗೊತ್ತಿಲ್ಲದ್ದು ನಿಮಗೆ ಗೊತ್ತೇ ಎಂದು ಇದೇ ಅಮಾತೆಪ್ಪ ಅಷ್ಟೂ ಜನರನ್ನು ಬಾದಾಮಿ ಸ್ಟೇಶನ್ನಿನ ಬಿಸಿಲಲ್ಲಿ ಕೂರಿಸಿದ್ದನಂತೆ. ದಾನೇಶ್ವರಿ ಎದ್ದು ನಿಂತಳು.

“ಅಪ್ಪಾ, ರೈಲು ಮುಷ್ಕರ ಎಪ್ಪತ್ನಾಲ್ಕರ ಮೇ ತಿಂಗಳದಾಗ. ನಾ ವರ್ಷಾ ಹುಡುಗೂರಿಗೆ ಕಲಸ್ತೇನಿ.”

ಲಗ್ನ ಒಂದು ವರ್ಷ ಹಿಂದಕ್ಕೆ ಸರಿಯಿತು. ಸಾಲಿಯ ತಾರೀಖಿನ ಪ್ರಕಾರವೇ ಲೆಕ್ಕ ಹಾಕಿದರೂ ಮದುವೆಗೂ ಮಗಳಿಗೂ ನಡುವೆ ವರ್ಷಕ್ಕಿಂತ ಹೆಚ್ಚು ಅಂತರ. ಸಿದ್ದವ್ವನ ಮಾನ ದೇಶದ ರೈಲುಗಳೆಲ್ಲ ನಿಂತಿದ್ದರಿಂದ ಉಳಿಯಿತು. ಮುಷ್ಕರದ ದಿನಗಳಲ್ಲಿ ಮೂರು ಸೋಮವಾರ ಸಿಕ್ಕವು. ನಡುವಿನದು ಅಮಾವಾಸ್ಯೆಗೆ ತೀರ ಹತ್ತಿರ, ಅಂದು ಯಾರೂ ಹೆಣ್ಣು ಕೊಡಲಾರರು. ಉಳಿದದ್ದು ಹದಿಮೂರು, ಇಲ್ಲವೇ ಇಪ್ಪತ್ತೇಳು. ಹದಿಮೂರು ಎಂದು ಅಮಾತೆಪ್ಪನವರು, ಇಪ್ಪತ್ತೇಳು ಎಂದು ದಸ್ತಗೀರಸಾಬರು ಪಟ್ಟು ಹಿಡಿದು ಸಿದ್ದವ್ವನ ಮುಖ ನೋಡಿದರು.

“ಅನ್ನ ಆರತೈತಿ. ಉಣ್ಣಾಕ ಬರ್ರಿ,” ಎಂದಳು ಸಿದ್ದವ್ವ. ಈ ಸಲ ಚೌಕಟ್ಟಿಗೆ ಹೇಳಲಿಲ್ಲ. ನೇರ ಗಂಡನಿಗೇ ಹೇಳಿದಳು.

ಹಾಲ್ ಹಿಡಿದಾಗಿತ್ತು, ಅಡುಗೆಯವರಿಗೆ ಹೇಳಿಯಾಗಿತ್ತು. ದಾನೇಶ್ವರಿ ನೆಂಟರಿಗೆಲ್ಲ ಫೋನಿನಲ್ಲಿ ಒಂದು ತಿದ್ದುಪಡಿ ಕಳಿಸಿದಳು. ಕಾರ್ಡಿನಲ್ಲಿರುವ ವರ್ಷವನ್ನು ಒಂದು ಕಡಿಮೆ ಮಾಡಿ ಓದಿಕೊಳ್ಳಬೇಕು ಎಂದು. ಶಿರೂರಿನವರು ಕಾರ್ಯಕ್ರಮದ ವರ್ಷದಲ್ಲೇ ಒಂದು ಕಡಿಮೆ ಮಾಡಿ, ಹೋದ ವರ್ಷದ ಊಟಕ್ಕೆ ಈ ವರ್ಷ ಕರೆದಿದ್ದಾರೆಂದು ಸಿಟ್ಟಾದರು. ಆದರೂ ಬಂದರು, ಉಂಡರು. ಐವತ್ತು ಹೋಗಿ ಐವತ್ತೊಂದಾಗಿತ್ತು. ಕರದಂಟು ಚೆನ್ನಾಗಿದ್ದುದರಿಂದ ಆ ಒಂದು ವರ್ಷದ ಬಗ್ಗೆ ಯಾರೂ ಕೇಳಲಿಲ್ಲ. ಜಯಶ್ರೀಯವರು ಎಲ್ಲರಿಗಿಂತ ಮೊದಲೇ ಬಂದು ಸಿದ್ದವ್ವನ ಕೈ ಹಿಡಿದು ಕುಳಿತರು, ಒಲೆಯ ಮೇಲಿಟ್ಟ ಹಾಲಿನ ಮಾತೆತ್ತಲಿಲ್ಲ. ಸಿದ್ದವ್ವ ಸುಣ್ಣದ ಲಾರಿಯ ಕಥೆಯನ್ನು ಅಂದು ಅದೆಷ್ಟೋ ಸಲ ಹೇಳಿದಳು. ಪ್ರತಿ ಸಲವೂ ಅಮಾತೆಪ್ಪನವರು ಪಕ್ಕದಲ್ಲಿ ನಿಂತು, ಕಿವಿಯ ಸಂದಿಯ ಭಾಗ ಬಂದಾಗ ತಲೆಯಾಡಿಸಿದರು.

ಮರುವಾರ ಗಂಡ ಹೆಂಡತಿ ಮಗಳ ಮನೆಗೆ ಹೋದವರು ಒಂದು ಸಂಜೆ ಹಳೇ ಬಾಗಲಕೋಟೆಯ ಹಿನ್ನೀರಿನ ಕಡೆ ನಡೆದರು. ತವರುಮನೆಯ ಓಣಿ ಅಣೆಕಟ್ಟಿನ ನೀರಿಗೆ ಹೋಗಿ ಎಷ್ಟೋ ವರ್ಷವಾಗಿತ್ತು. ಬೇಸಿಗೆಗೆ ನೀರು ಹಿಂದೆ ಸರಿದು ಕೆಸರು ಒಡೆದು ಬಾಯಿ ಬಿಟ್ಟಿತ್ತು. ಅಲ್ಲಲ್ಲಿ ಪಾಯದ ಕಲ್ಲುಗಳು ಕಾಣುತ್ತಿದ್ದವು. ಇಲ್ಲೇ ನಮ್ಮ ಕಟ್ಟೆ ಎಂದು ಸಿದ್ದವ್ವ ಒಂದು ಕಡೆ ನಿಂತಳು. ಸ್ವಲ್ಪ ಮುಂದೆ ಹೋಗಿ, ಅಲ್ಲ, ಇಲ್ಲಿ ಎಂದಳು. ಮತ್ತೆ ಹಿಂದಕ್ಕೆ ಬಂದಳು. ಅಮಾತೆಪ್ಪನವರು ತಕರಾರು ತೆಗೆಯದೆ ಆಕೆ ನಿಂತಲ್ಲೆಲ್ಲ ನಿಂತರು.

ಎಮ್ಮೆ ಮೇಯಿಸುತ್ತಿದ್ದ ಒಬ್ಬಾತ ಇದನ್ನೆಲ್ಲ ನೋಡಿ, ಸರ್ವೆ ಆಫೀಸಿನವರೇನೋ ಎಂದು ಹತ್ತಿರ ಬಂದ. ನಮ್ಮ ಲಗ್ನವಾದ ಮನೆ ಹುಡುಕುತ್ತಿದ್ದೇವೆ ಎಂದು ಅಮಾತೆಪ್ಪನವರು ಹೇಳಿದರು. ಆತ ನೀರನ್ನೊಮ್ಮೆ, ಇವರನ್ನೊಮ್ಮೆ ನೋಡಿ, ಯಾವಾಗ ಆಗಿತ್ತರಿ ಲಗ್ನ ಎಂದು ಕೇಳಿದ.

ಅಮಾತೆಪ್ಪನವರ ಹೆಬ್ಬೆರಳು ಗೆಣ್ಣು ಎಣಿಸಲು ಹೋಯಿತು. ಅದನ್ನು ಅಲ್ಲಿಗೇ ಬಿಟ್ಟು ಹೆಂಡತಿಯ ಕಡೆ ಕೈ ತೋರಿಸಿದರು.

“ಇವರನ್ನ ಕೇಳಪಾ,” ಎಂದರು.

ಸಿದ್ದವ್ವ ಸೀರೆಯ ನಿರಿಗೆ ಎತ್ತಿ ಹಿಡಿದು ಇನ್ನೊಂದು ಪಾಯದ ಕಲ್ಲು ಹತ್ತುತ್ತಿದ್ದಳು.

“ಭಾಳ ದಿನಾ ಆಗಿಲ್ಲ ತಮ್ಮಾ,” ಎಂದಳು. “ಮೊದಲನೇ ಜಗಳನ ಇನ್ನೂ ಪೂರಾ ಮುಗದಿಲ್ಲ.”